ಫೋಟೊ ಇಮೇಲ್ ಮಾಡುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಗೃಹಪ್ರವೇಶದ ಐದು ಫೋಟೊ ಸೇರಿಸಿ ಅಣ್ಣನ ಕಚೇರಿ ವಿಳಾಸಕ್ಕೆ ಇಮೇಲ್ ಕಳಿಸಿದೆ. ಒಟ್ಟು 19 ಎಂಬಿ ಇತ್ತು. ಅವರ ಕಚೇರಿಯಲ್ಲಿ 20 ಎಂಬಿವರೆಗೆ ಅವಕಾಶವಿದೆಯಂತೆ. ಆದರೂ ವಾಪಸ್ ಬಂತು. ಯಾಕೆ?
— ಓದುಗರು, ಶಿರಸಿ

ಉತ್ತರ: ನೀವು ಲೆಕ್ಕ ಹಾಕಿದ್ದು ಫೋಟೊಗಳ ತೂಕ, ಸರ್ವರ್ ಲೆಕ್ಕ ಹಾಕಿದ್ದು ಇಡೀ ಪತ್ರದ ತೂಕ. ಇಮೇಲ್ ಹುಟ್ಟಿದ್ದೇ ಅಕ್ಷರಗಳನ್ನು ಸಾಗಿಸಲು. ಹಾಗಾಗಿ ಫೋಟೊವನ್ನು ಲಗತ್ತಿಸಿದಾಗ ಅದು ‘ಬೇಸ್64’ ಎಂಬ ಕ್ರಮದಲ್ಲಿ ಅಕ್ಷರಗಳಾಗಿ ಬದಲಾಗಿ ಹೋಗುತ್ತದೆ. ಪ್ರತಿ 3 ಬೈಟಿಗೆ 4 ಅಕ್ಷರ. ಜೊತೆಗೆ ಸಾಲು ಮುರಿಯುವ ಗುರುತುಗಳೂ ಸೇರಿ ಗಾತ್ರ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚೇ ಉಬ್ಬುತ್ತದೆ. ನಿಮ್ಮ 19 ಎಂಬಿ ದಾರಿಯಲ್ಲಿ ಸುಮಾರು 26 ಎಂಬಿ ಆಗಿದೆ. ಹೀಗೆ ಉಬ್ಬಿದ ಗಾತ್ರವನ್ನೇ ಅಳೆಯುವ ಕಡೆ 20 ಎಂಬಿ ಮಿತಿ ಎಂದರೆ ಫೋಟೊಗಳಿಗೆ ಸಿಗುವ ಜಾಗ 14 ಎಂಬಿ ಅಂದುಕೊಳ್ಳಿ. ಜಿಮೇಲ್‌ನಲ್ಲಿ ಕಳಿಸುವ ಮಿತಿ 25 ಎಂಬಿ. ಅದನ್ನು ದಾಟಿದರೆ ಅದು ತಾನಾಗಿಯೇ ಫೋಟೊಗಳನ್ನು ಗೂಗಲ್ ಡ್ರೈವ್‌ಗೆ ಹಾಕಿ ಲಿಂಕ್ ಮಾಡಿಬಿಡುತ್ತದೆ. ನಿಮ್ಮ ಕಡೆ ಸಲೀಸಾಗಿ ಹೊರಟ ಪತ್ರ ಆ ಕಡೆಯ ಸಣ್ಣ ಮಿತಿಗೆ ಬಡಿದು ಮರಳುವುದೂ ಇದೇ ಕಾರಣಕ್ಕೆ.

ವಾಪಸ್ ಬಂದ ಸಂದೇಶವನ್ನು ಅಳಿಸುವ ಮೊದಲು ಅದರಲ್ಲಿರುವ ಸಂಖ್ಯೆ ನೋಡಿ. 5.3.4 ಅಥವಾ 5.2.3 ಇದ್ದರೆ ಪತ್ರ ದೊಡ್ಡದಾಯಿತು ಎಂದರ್ಥ. 5.2.2 ಇದ್ದರೆ ಅವರ ಅಂಚೆಪೆಟ್ಟಿಗೆಯೇ ತುಂಬಿದೆ. ಆಗ ನೀವು ಫೋಟೊ ಎಷ್ಟೇ ಕುಗ್ಗಿಸಿದರೂ ಪ್ರಯೋಜನವಿಲ್ಲ, ಅವರೇ ಹಳೆಯ ಪತ್ರಗಳನ್ನು ತೆಗೆಯಬೇಕು.

ಇನ್ನು ಕುಗ್ಗಿಸುವ ವಿಚಾರ. 12 ಮೆಗಾಪಿಕ್ಸೆಲ್ ಫೋನಿನ ಫೋಟೊ 4000 x 3000 ಪಿಕ್ಸೆಲ್ ಇರುತ್ತದೆ, ಸಾಮಾನ್ಯವಾಗಿ 3ರಿಂದ 5 ಎಂಬಿ ತೂಗುತ್ತದೆ. ನೋಡುವವರ ಪರದೆಗೆ ಅಷ್ಟು ಬೇಡ. ಉದ್ದದ ಬದಿ 1600 ಪಿಕ್ಸೆಲ್, ಜೆಪೆಗ್ (ಫೋಟೊಗಳ ಸಾಮಾನ್ಯ ಕಡತ ಮಾದರಿ) ಗುಣಮಟ್ಟ 100ಕ್ಕೆ 80 ಇಟ್ಟರೆ ಅದೇ ಫೋಟೊ ಬಹುತೇಕ 300ರಿಂದ 600 ಕೆಬಿಗೆ ಇಳಿಯುತ್ತದೆ. ನಿಮ್ಮ ಐದೂ ಸೇರಿ 3 ಎಂಬಿ ದಾಟಲಾರವು. ಎಲೆಗಳು ಒತ್ತಾಗಿರುವ ತೋಟದ ಚಿತ್ರ ಸ್ವಲ್ಪ ಹೆಚ್ಚು ತೂಗುತ್ತದೆ, ಬರಿ ಆಕಾಶದ ಚಿತ್ರ ಕಡಿಮೆ. ಗುಣಮಟ್ಟವನ್ನು 80ರಿಂದ 60ಕ್ಕೆ ಇಳಿಸುವುದಕ್ಕಿಂತ ಪಿಕ್ಸೆಲ್ ಕಡಿಮೆ ಮಾಡುವುದು ಒಳ್ಳೆಯದು. ಗುಣಮಟ್ಟ ತೀರಾ ಇಳಿದರೆ ಮುಖದ ಅಂಚಿನಲ್ಲಿ, ಸೀರೆಯ ಜರಿಯ ಸುತ್ತ ಚೌಕಚೌಕದ ಕಲೆ ಏಳುತ್ತದೆ.

ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ಉಚಿತ ‘ಪವರ್‌ಟಾಯ್ಸ್’ ಹಾಕಿಕೊಂಡರೆ ಈ ಕೆಲಸ ಬಹಳ ಸುಲಭ. ಎಲ್ಲ ಫೋಟೊ ಆಯ್ಕೆ ಮಾಡಿ, ರೈಟ್ ಕ್ಲಿಕ್ ಮಾಡಿ, ‘ಇಮೇಜ್ ರಿಸೈಜರ್’ ಒತ್ತಿ. ಕಸ್ಟಮ್ ಅಳತೆಯಲ್ಲಿ ಅಗಲ, ಎತ್ತರ ಎರಡಕ್ಕೂ 1600 ಕೊಟ್ಟು ‘ಫಿಟ್’ ಇಡಿ. ಆಗ ಅಡ್ಡ ಚಿತ್ರ, ಉದ್ದ ಚಿತ್ರ ಎರಡೂ ಆಕಾರ ಕೆಡದೆ ಕುಗ್ಗುತ್ತವೆ. ಮೂಲ ಫೋಟೊವನ್ನೇ ಬದಲಿಸುವ ಆಯ್ಕೆಗೆ ಮಾತ್ರ ಟಿಕ್ ಹಾಕಬೇಡಿ. ಮ್ಯಾಕ್‌ನ ‘ಪ್ರಿವ್ಯೂ’ದಲ್ಲಿ ‘ಟೂಲ್ಸ್’ ಒಳಗೆ ‘ಅಡ್ಜಸ್ಟ್ ಸೈಜ್’ ಇದೆ. ಆದರೆ ಅದು ಮೂಲ ಕಡತದ ಮೇಲೆಯೇ ಉಳಿಸಿಬಿಡುತ್ತದೆ. ಆದ್ದರಿಂದ ಮೊದಲು ಬೇರೆ ಫೋಲ್ಡರಿಗೆ ನಕಲು ಮಾಡಿಕೊಂಡೇ ಕೈಹಾಕಿ. ಐಫೋನಿನ ಮೇಲ್ ಆ್ಯಪ್ ಕಳಿಸುವಾಗ ಸ್ಮಾಲ್, ಮೀಡಿಯಂ, ಲಾರ್ಜ್, ಆ್ಯಕ್ಚುಯಲ್ ಎಂದು ಕೇಳುತ್ತದೆ, ಲಾರ್ಜ್ ಸಾಕು.

ಜಿಪ್ ಮಾಡಿದರೆ ಕುಗ್ಗುತ್ತದೆ ಎಂದು ಹಲವರು ನಂಬಿದ್ದಾರೆ. ಜೆಪೆಗ್ ಆಗಲೇ ಹಿಂಡಿ ಇಟ್ಟ ಕಡತ, ಜಿಪ್‌ನಿಂದ ಅದರ ತೂಕ ಇಳಿಯುವುದು ಇಲ್ಲವೆನ್ನುವಷ್ಟು. ಹತ್ತಾರು ಫೋಟೊ ಒಂದೇ ಗಂಟಾಗುತ್ತದೆ, ಅಷ್ಟೇ ಲಾಭ.

ಪ್ರಶ್ನೆ: ಅಜ್ಜನ ಹಳೆಯ 4 x 6 ಇಂಚಿನ ಫೋಟೊವನ್ನು ಸ್ಟುಡಿಯೊದಲ್ಲಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿದೆ. ಟಿಫ್ ಕಡತ ಕೊಟ್ಟಿದ್ದಾರೆ. ಒಂದೇ ಫೋಟೊ, ಆದರೂ ಇಮೇಲ್‌ನಲ್ಲಿ ಹೋಗುತ್ತಿಲ್ಲ.
— ಓದುಗರು, ಧಾರವಾಡ

ಉತ್ತರ: 600 ಡಿಪಿಐ ಅಂದರೆ ಇಂಚಿಗೆ 600 ಚುಕ್ಕಿ, 4 x 6 ಇಂಚಿಗೆ 2400 x 3600 ಪಿಕ್ಸೆಲ್. ಹಿಂಡದ ಬಣ್ಣದ ಟಿಫ್‌ನಲ್ಲಿ ಪ್ರತಿ ಪಿಕ್ಸೆಲ್‌ಗೆ 3 ಬೈಟ್, ಒಟ್ಟು ಸುಮಾರು 26 ಎಂಬಿ. ಸ್ಟುಡಿಯೊದವರು ಕೊಟ್ಟಿದ್ದು ಸರಿಯಾದದ್ದೇ. ಆ ಟಿಫ್ ನಿಮ್ಮ ಮನೆಯ ಮೂಲಪ್ರತಿ. ಅದನ್ನು ಕಂಪ್ಯೂಟರಿನಲ್ಲೊಂದು, ಹೊರಗಿನ ಡಿಸ್ಕ್‌ನಲ್ಲೊಂದು ಇಟ್ಟುಕೊಳ್ಳಿ. ಕಳಿಸಲು ಅದನ್ನು ಪೇಂಟ್‌ನಲ್ಲೋ, ‘ಗಿಂಪ್’ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲೋ ತೆರೆದು, ‘ಸೇವ್ ಆ್ಯಸ್’ ಅಥವಾ ‘ಎಕ್ಸ್‌ಪೋರ್ಟ್’ ಮೂಲಕ ಜೆಪೆಗ್ ಆಗಿ ಬೇರೆ ಹೆಸರಿನಲ್ಲಿ ಉಳಿಸಿ. ಗಿಂಪ್‌ನಲ್ಲಿ ಗುಣಮಟ್ಟ 90 ಇಡಿ. ಕೆಲವೇ ಎಂಬಿಗೆ ಇಳಿಯುತ್ತದೆ, ಪಿಕ್ಸೆಲ್ ಒಂದೂ ಕಡಿಮೆಯಾಗುವುದಿಲ್ಲ.

ಜೆಪೆಗ್ ತೆರೆದು ತಿದ್ದಿ ಮತ್ತೆ ಜೆಪೆಗ್ ಆಗಿ ಉಳಿಸಿದಾಗಲೆಲ್ಲ ವಿವರ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಬಣ್ಣ ಸರಿಪಡಿಸುವುದು, ಗೀರು ಅಳಿಸುವುದು ಏನಿದ್ದರೂ ಟಿಫ್‌ನ ಪ್ರತಿಯಲ್ಲಿ ಮುಗಿಸಿ, ಕೊನೆಗೆ ಒಂದೇ ಸಲ ಜೆಪೆಗ್ ಮಾಡಿ. ಡಿಪಿಐ ಜಾಗದಲ್ಲಿ 600 ಅಳಿಸಿ 72 ಎಂದು ಬರೆದರೆ ತೂಕ ಇಳಿಯುತ್ತದೆಂಬ ಸಲಹೆ ಕೇಳಿಬರುತ್ತದೆ. ಪಿಕ್ಸೆಲ್ ಸಂಖ್ಯೆ ಬದಲಾಗದಿದ್ದರೆ ಅದರಿಂದ ಒಂದು ಕೆಬಿಯೂ ಉಳಿಯದು.

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಐಫೋನಿನಿಂದ ಮೊಮ್ಮಗನ ಫೋಟೊ ಕಳಿಸುತ್ತಾಳೆ. ನಮ್ಮ ವಿಂಡೋಸ್ ಕಂಪ್ಯೂಟರಿನಲ್ಲಿ ಕೆಲವು ತೆರೆಯುವುದೇ ಇಲ್ಲ.
— ಓದುಗರು, ಹಾಸನ

ಉತ್ತರ: ತೆರೆಯದವು ಎಚ್‌ಇಐಸಿ ಕಡತಗಳಾಗಿರಬೇಕು, ಹೆಸರಿನ ಕೊನೆ ನೋಡಿ ಖಚಿತಪಡಿಸಿಕೊಳ್ಳಿ. 2017ರ ಐಒಎಸ್ 11ರಿಂದ ಐಫೋನ್ ಈ ಮಾದರಿಯಲ್ಲಿ ಫೋಟೊ ಉಳಿಸುತ್ತಿದೆ. ಜೆಪೆಗ್‌ಗಿಂತ ಕಡಿಮೆ ಜಾಗ ಹಿಡಿಯುತ್ತದೆ, ಆದರೆ ಎಲ್ಲ ಕಂಪ್ಯೂಟರಿಗೂ ಓದಲು ಬಾರದು. ಮಗಳು ಫೋಟೊ ಆಯ್ದು ಶೇರ್ ಒತ್ತಿದಾಗ ಮೇಲ್ಗಡೆ ‘ಆಪ್ಷನ್ಸ್’ ಕಾಣುತ್ತದೆ. ಅದರಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆಯ್ದರೆ ಜೆಪೆಗ್ ಆಗಿ ಬರುತ್ತದೆ. ಮುಂದೆ ತೆಗೆಯುವ ಎಲ್ಲ ಫೋಟೊಗಳೂ ಹಾಗೇ ಬೇಕಿದ್ದರೆ ಸೆಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್ ಒಳಗೆ ಇದೇ ಹೆಸರಿನ ಆಯ್ಕೆಯಿದೆ. ಆಗಲೇ ಬಂದಿರುವುದನ್ನು ನಿಮ್ಮ ಗೂಗಲ್ ಡ್ರೈವ್‌ಗೆ ಹಾಕಿ ಬ್ರೌಸರಿನಲ್ಲೇ ನೋಡಬಹುದು.

ಪ್ರಶ್ನೆ: ಮದುವೆಯ 400 ಫೋಟೊಗಳ ಡ್ರೈವ್ ಲಿಂಕನ್ನು ನೆಂಟರಿಗೆಲ್ಲ ಇಮೇಲ್ ಮಾಡಿದೆವು. ಅರ್ಧ ಜನ ‘ಪರ್ಮಿಷನ್ ಕೇಳುತ್ತಿದೆ’ ಎನ್ನುತ್ತಾರೆ.
— ಓದುಗರು, ಉಡುಪಿ

ಉತ್ತರ: ಫೋಲ್ಡರ್ ‘ರಿಸ್ಟ್ರಿಕ್ಟೆಡ್’ ಸ್ಥಿತಿಯಲ್ಲಿದೆ. ನೀವು ಹೆಸರಿಸಿದ ವಿಳಾಸಗಳಿಗಷ್ಟೇ ಅದು ತೆರೆಯುತ್ತದೆ. ನೆಂಟರು ಪತ್ರವನ್ನು ಇನ್ನೊಬ್ಬರಿಗೆ ದಾಟಿಸಿದ್ದರೆ, ಅಥವಾ ಫೋನಿನಲ್ಲಿ ಬೇರೆ ಖಾತೆಯಿಂದ ಒಳಹೊಕ್ಕಿದ್ದರೆ ಬಾಗಿಲು ಮುಚ್ಚಿರುತ್ತದೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಶೇರ್‌ಗೆ ಹೋಗಿ, ‘ಜನರಲ್ ಆ್ಯಕ್ಸೆಸ್’ ಅಡಿಯಲ್ಲಿ ‘ಎನಿವನ್ ವಿತ್ ದ ಲಿಂಕ್’ ಆಯ್ದುಕೊಳ್ಳಿ. ಪಕ್ಕದಲ್ಲಿ ‘ವ್ಯೂವರ್’ ಎಂದೇ ಇರಲಿ. ‘ಎಡಿಟರ್’ ಮಾಡಿದರೆ ಯಾರದೋ ಬೆರಳು ತಾಗಿ ಫೋಟೊ ಫೋಲ್ಡರಿನಿಂದ ಕಾಣೆಯಾಗಬಹುದು. ಎಲ್ಲರೂ ಇಳಿಸಿಕೊಂಡ ಮೇಲೆ ಮತ್ತೆ ‘ರಿಸ್ಟ್ರಿಕ್ಟೆಡ್’ಗೆ ಮರಳಿಸಿ, ಆ ಲಿಂಕ್ ಯಾರ ಕೈಗೆ ಸಿಕ್ಕರೂ ಫೋಟೊ ಕಾಣುತ್ತದೆ ಎಂಬುದು ನೆನಪಿರಲಿ.

ಜಾಗ ಸಾಲದೆಂದು ಡ್ರೈವ್‌ನಿಂದ ಫೋಟೊ ಅಳಿಸಿದರೆ ಲಿಂಕ್ ಸತ್ತಂತೆ. ಗೂಗಲ್‌ನ ಉಚಿತ 15 ಜಿಬಿಯನ್ನು ಜಿಮೇಲ್, ಡ್ರೈವ್, ಫೋಟೊಸ್ ಮೂರೂ ಹಂಚಿಕೊಳ್ಳುತ್ತವೆ. ಅದು ತುಂಬಿದರೆ ನಿಮಗೆ ಇಮೇಲ್ ಬರುವುದೇ ನಿಂತುಹೋಗುತ್ತದೆ. ಆ್ಯಪಲ್‌ನ ‘ಮೇಲ್ ಡ್ರಾಪ್’ ಮೂಲಕ 5 ಜಿಬಿವರೆಗೆ ಕಳಿಸಬಹುದು, ಆದರೆ ಆ ಲಿಂಕಿಗೆ 30 ದಿನದ ಆಯಸ್ಸು. ಯಾವ ಲಿಂಕ್ ಆದರೂ ‘ಇಂಥ ದಿನದೊಳಗೆ ಇಳಿಸಿಕೊಳ್ಳಿ’ ಎಂದು ಪತ್ರದಲ್ಲಿ ಬರೆಯಿರಿ, ಇಲ್ಲದಿದ್ದರೆ ಅರ್ಧ ಜನ ನಾಳೆ ನೋಡೋಣ ಅಂದು ಬಿಟ್ಟಿರುತ್ತಾರೆ.

ಪ್ರಶ್ನೆ: ಊರ ಜಾತ್ರೆಯ ಫೋಟೊವನ್ನು ಸ್ಮರಣಸಂಚಿಕೆಗೆ ಇಮೇಲ್ ಮಾಡಿದೆ. ‘ಮುದ್ರಣಕ್ಕೆ ಆಗದು’ ಎಂದು ಉತ್ತರ ಬಂತು. ಫೋನಿನಲ್ಲಿ ಬಹಳ ಸ್ಪಷ್ಟವಾಗಿದೆ.
— ಓದುಗರು, ಕೊಟ್ಟೂರು

ಉತ್ತರ: ನೀವು ಕಳಿಸಿದ್ದು ವಾಟ್ಸ್‌ಆ್ಯಪ್‌ನಿಂದ ಉಳಿಸಿಕೊಂಡ ಪ್ರತಿಯೇ ನೋಡಿ. ಅಲ್ಲಿ ಫೋಟೊ ಆಗಿ ಹೋಗುವ ಚಿತ್ರವೆಲ್ಲ ಕುಗ್ಗುತ್ತದೆ. ಎಚ್‌ಡಿ ಆಯ್ದರೂ ಕ್ಯಾಮೆರಾದ ಮೂಲ ಕಡತ ಹಾಗೇ ದಾಟುವುದಿಲ್ಲ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕು. 6 x 4 ಇಂಚಿಗೆ 1800 x 1200, 10 x 8 ಇಂಚಿಗೆ 3000 x 2400. ಕುಗ್ಗಿದ ಚಿತ್ರವನ್ನು ಹಿಗ್ಗಿಸಿದರೆ ಪಿಕ್ಸೆಲ್ ಸಂಖ್ಯೆ ಏರುತ್ತದೆ, ಕಳೆದುಹೋದ ವಿವರ ಮರಳುವುದಿಲ್ಲ. ಫೋಟೊ ತೆಗೆದವರಿಂದಲೇ ಮೂಲ ಕಡತ ಪಡೆಯಿರಿ. ವಾಟ್ಸ್‌ಆ್ಯಪ್ ಬಿಟ್ಟರೆ ಗತಿಯಿಲ್ಲ ಎಂದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ, ಆಗ ಮಾತ್ರ ಅದು ಮುಟ್ಟದೆ ದಾಟಿಸುತ್ತದೆ. ಸಂಚಿಕೆಗೆ ಇಮೇಲ್ ಮಾಡುವಾಗ ಪತ್ರದ ಮೈಯೊಳಗೆ ಅಂಟಿಸಬೇಡಿ, ವರ್ಡ್ ಕಡತದೊಳಗೆ ಸೇರಿಸಲೂಬೇಡಿ. ಪೇಪರ್‌ಕ್ಲಿಪ್ ಗುರುತು ಒತ್ತಿ ಜೆಪೆಗ್ ಆಗಿಯೇ ಲಗತ್ತಿಸಿ.

ಪ್ರಶ್ನೆ: ಹಳೆಯ ಮಂಚ ಮಾರಾಟಕ್ಕಿದೆ. ಅದರ ಫೋಟೊವನ್ನು ಅಪರಿಚಿತರಿಗೆ ಇಮೇಲ್ ಮಾಡಿದರೆ ನಮ್ಮ ಮನೆ ಎಲ್ಲಿದೆ ಎಂದು ತಿಳಿಯುತ್ತದೆಯೇ?
— ಓದುಗರು, ಬೆಂಗಳೂರು

ಉತ್ತರ: ಕ್ಯಾಮೆರಾದಲ್ಲಿ ಲೊಕೇಶನ್ ಚಾಲೂ ಇದ್ದರೆ ತಿಳಿಯುತ್ತದೆ. ಫೋಟೊದ ಕಡತದೊಳಗೆ ‘ಎಕ್ಸಿಫ್’ ಎಂಬ ಭಾಗದಲ್ಲಿ ತೆಗೆದ ದಿನ, ಹೊತ್ತು, ಫೋನಿನ ಮಾದರಿಯ ಜೊತೆಗೆ ಅಕ್ಷಾಂಶ ರೇಖಾಂಶವೂ ಕೂತಿರುತ್ತದೆ. ಇಮೇಲ್‌ಗೆ ಮೂಲ ಕಡತವನ್ನೇ ಲಗತ್ತಿಸಿದರೆ ಅದೂ ಜೊತೆಗೇ ಹೋಗುತ್ತದೆ. ಆ ಅಂಕಿಗಳನ್ನು ನಕ್ಷೆಗೆ ಹಾಕಿದರೆ ನಿಮ್ಮ ಬೀದಿ ತೆರೆದುಕೊಳ್ಳುತ್ತದೆ.

ವಿಂಡೋಸ್‌ನಲ್ಲಿ ಫೋಟೊ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’, ‘ಡಿಟೇಲ್ಸ್’ಗೆ ಹೋಗಿ. ತಳದಲ್ಲಿರುವ ‘ರಿಮೂವ್ ಪ್ರಾಪರ್ಟೀಸ್ ಆ್ಯಂಡ್ ಪರ್ಸನಲ್ ಇನ್ಫರ್ಮೇಶನ್’ ಒತ್ತಿ, ಎಲ್ಲ ವಿವರ ತೆಗೆದ ನಕಲು ಮಾಡಿಸುವ ಮೊದಲ ಆಯ್ಕೆಯನ್ನು ಹಿಡಿಯಿರಿ. ಐಫೋನಿನಲ್ಲಿ ಶೇರ್ ಮಾಡುವಾಗ ‘ಆಪ್ಷನ್ಸ್’ ಒಳಗೆ ‘ಲೊಕೇಶನ್’ ಆಫ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಕಂಪನಿಗೊಂದು ದಾರಿ ಇರುವುದರಿಂದ ಸುಲಭದ್ದು ಇದು: ಮಂಚದ ಫೋಟೊ ತೆಗೆಯುವ ಮೊದಲೇ ಕ್ಯಾಮೆರಾದ ಸೆಟಿಂಗ್ಸ್‌ನಲ್ಲಿ ‘ಲೊಕೇಶನ್ ಟ್ಯಾಗ್’ ಆಫ್ ಮಾಡಿಬಿಡಿ. ಮನೆಯವರ ಫೋಟೊಗೆ ಮತ್ತೆ ಚಾಲೂ ಮಾಡಿಕೊಂಡರಾಯಿತು. ಹತ್ತು ವರ್ಷದ ಮೇಲೆ ಇದು ಯಾವ ಊರು ಎಂದು ಹುಡುಕುವಾಗ ಅದೇ ಅಂಕಿಗಳು ಬೇಕಾಗುತ್ತವೆ.