ಕರ್ವ್ 45 ವೋಲ್ಟ್ ಬದಲು 0.6ಕ್ಕೇ ಮುಗಿಯುತ್ತಿದ್ದರೆ

72 ಸೆಲ್‌ಗಳ ಸೌರ ಪ್ಯಾನೆಲ್‌ನ ಕರೆಂಟ್-ವೋಲ್ಟೇಜ್ ಕರ್ವನ್ನು ಡಯೋಡ್ ಸೂತ್ರದಿಂದ ಬಿಡಿಸುವಾಗ ನೀವು ಒಂದೇ ಸೆಲ್‌ನ ಥರ್ಮಲ್ ವೋಲ್ಟೇಜ್ (ತಾಪಮಾನದಿಂದ ನಿರ್ಧಾರವಾಗುವ, ಸೂತ್ರದಲ್ಲಿ ಬರುವ ವೋಲ್ಟೇಜ್) ಹಾಕಿದಂತಿದೆ. 45 ವೋಲ್ಟ್‌ವರೆಗೆ (ಕರೆಂಟ್ ಸೊನ್ನೆಯಾಗುವ ಓಪನ್ ಸರ್ಕ್ಯೂಟ್ ವೋಲ್ಟೇಜ್) ಹೋಗಬೇಕಾದ ಕರ್ವ್ 0.6ಕ್ಕೇ ನೆಲ ಕಚ್ಚುತ್ತಿರುವುದು ಬಹುಶಃ ಅದಕ್ಕೇ.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಸೆಲ್‌ನ ಥರ್ಮಲ್ ವೋಲ್ಟೇಜ್ 0.0257 ವೋಲ್ಟ್. ಮೊದಲು ಅದನ್ನು 72ರಿಂದ, ಆಮೇಲೆ ಐಡಿಯಾಲಿಟಿ ಫ್ಯಾಕ್ಟರ್‌ನಿಂದ (ಸೆಲ್ ಆದರ್ಶ ಡಯೋಡ್‌ಗಿಂತ ಎಷ್ಟು ಭಿನ್ನ ಎಂದು ಹೇಳುವ ಸಂಖ್ಯೆ) ಗುಣಿಸಿ. 1.3 ಅಂತ ಹಿಡಿದರೆ ಸುಮಾರು 2.4 ವೋಲ್ಟ್ ಬರುತ್ತದೆ. (1.3 ಬರೀ ಅಂದಾಜು, ಡೇಟಾಶೀಟ್‌ನಲ್ಲಿ ಸಾಮಾನ್ಯವಾಗಿ ಕೊಟ್ಟಿರುವುದಿಲ್ಲ.) 45ನ್ನು ಇದರಿಂದ ಭಾಗಿಸಿ, ಬಂದದ್ದರ ಎಕ್ಸ್‌ಪೊನೆನ್ಶಿಯಲ್‌ನಿಂದ ನಿಮ್ಮ 9 ಆಂಪಿಯರ್ ಶಾರ್ಟ್ ಸರ್ಕ್ಯೂಟ್ ಕರೆಂಟನ್ನು ಭಾಗಿಸಿದರೆ ಸ್ಯಾಚುರೇಶನ್ ಕರೆಂಟ್ (ಸೂತ್ರಕ್ಕೆ ಬೇಕಾದ, ಡಯೋಡ್‌ನ ಅತಿ ಸಣ್ಣ ಸೋರಿಕೆ ಕರೆಂಟ್) ಸಿಗುತ್ತದೆ. ಆಂಪಿಯರ್‌ನ ಕೋಟಿಯಲ್ಲೊಂದು ಭಾಗಕ್ಕಿಂತಲೂ ಕಡಿಮೆ ಬಂದರೆ ಗಾಬರಿಯಾಗಬೇಡಿ, ಸರಿಯಾಗಿಯೇ ಇದೆ.

ಸೂತ್ರದೊಳಗೆ ತಾಪಮಾನ ಕೆಲ್ವಿನ್‌ನಲ್ಲೇ ಇರಲಿ. ತಾಪಮಾನ ಒಂದು ಡಿಗ್ರಿ ಏರಿದರೆ ಓಪನ್ ಸರ್ಕ್ಯೂಟ್ ವೋಲ್ಟೇಜ್ ಎಷ್ಟು ಇಳಿಯುತ್ತದೆ ಎಂದು ಡೇಟಾಶೀಟಿನಲ್ಲಿ ಕೊಟ್ಟಿರುವ ಮೈನಸ್ 0.3 ಶೇಕಡಾವನ್ನು ವೋಲ್ಟ್‌ಗೆ ಬದಲಿಸಿ: ಡಿಗ್ರಿಗೆ ಮೈನಸ್ 0.135. ಆಮೇಲೂ ಕರ್ವ್‌ನ ಬಾಗು ಗರಿಷ್ಠ ಪವರ್ ಬಿಂದುವಿಗೆ ಕೂರದಿದ್ದರೆ ಸೀರೀಸ್ ರೆಸಿಸ್ಟೆನ್ಸನ್ನು (ಸೆಲ್‌ಗಳು ಮತ್ತು ಅವುಗಳ ಜೋಡಣೆಯ ಒಳಗಿನ ಪ್ರತಿರೋಧ) 0.2ರಿಂದ 0.5 ಓಮ್ ನಡುವೆ ಬದಲಾಯಿಸಿ ನೋಡಿ.