17 ವರ್ಷಕ್ಕೊಮ್ಮೆ ಬರುವ ಅಮೆರಿಕದ ಜೀರುಂಡೆಗಳು ವರ್ಷದ ಲೆಕ್ಕ ಹೇಗೆ ಇಡುತ್ತವೆ? ಅವುಗಳ ರೆಕ್ಕೆ ನೋಡಿ ಯುದ್ಧ ಬರುತ್ತೆ ಅಂತಾರಲ್ಲ, ನಿಜವಾ?

ಲೆಕ್ಕದ ಗುಟ್ಟು ಮರದ ಬೇರಿನಲ್ಲಿದೆ. ಮರಿಗಳು ನೆಲದೊಳಗೆ ಬೇರಿಗೆ ಮೂತಿ ಚುಚ್ಚಿ ರಸ ಹೀರುತ್ತಾ ಬೆಳೆಯುತ್ತವೆ. ಮರ ಚಿಗುರಿದಾಗಲೆಲ್ಲ ಆ ರಸ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದ ಸಂಶೋಧಕರು 15 ವರ್ಷದ ಮರಿಗಳನ್ನು ಪೀಚ್ ಗಿಡಗಳ ಬೇರಿಗೆ ಬಿಟ್ಟು, ಆ ಗಿಡಗಳು ಒಂದೇ ವರ್ಷದಲ್ಲಿ ಎರಡು ಸಲ ಹೂಬಿಡುವಂತೆ ಮಾಡಿದರು. ಮರಿಗಳು ಒಂದು ವರ್ಷ ಮೊದಲೇ ಹೊರಗೆ ಬಂದವು! ಅವು ಎಣಿಸುವುದು ಮರದ ಸುಗ್ಗಿಯನ್ನು, ನಮ್ಮ ಕ್ಯಾಲೆಂಡರನ್ನಲ್ಲ.

17 ತುಂಬಿದ ಮೇಲೆ, ವಸಂತದಲ್ಲಿ ಗೇಣುದ್ದ ಆಳದ ಮಣ್ಣು ಸುಮಾರು 18 ಡಿಗ್ರಿಗೆ ಬಿಸಿಯಾಯಿತೋ, ಹೊರಟೇಬಿಡುತ್ತವೆ. 2021ರಲ್ಲಿ ಮೇರಿಲ್ಯಾಂಡಿನಲ್ಲಿದ್ದಾಗ ನೋಡಿದ್ದೇನೆ. ಕತ್ತಲಾಗುತ್ತಲೇ ಮರದ ಬುಡದ ತೂತುಗಳಿಂದ ಕಂದು ಮರಿಗಳು ತೊಗಟೆ ಹತ್ತುತ್ತವೆ. ಬೆನ್ನು ಸೀಳುತ್ತದೆ. ಒಳಗಿಂದ ಕೆನೆ ಬಣ್ಣದ ಮೆತ್ತನೆಯ ಹುಳು, ಕೆಂಪು ಕಣ್ಣು, ತಲೆಯ ಹಿಂದೆ ಎರಡು ಕಪ್ಪು ಮಚ್ಚೆ, ಮುದುಡಿದ ರೆಕ್ಕೆ. ಬೆಳಗಾಗುವಷ್ಟರಲ್ಲಿ ಮೈ ಕಪ್ಪು, ರೆಕ್ಕೆಯ ನರ ಕಿತ್ತಳೆ.

ಎಕರೆಗೆ 15 ಲಕ್ಷದವರೆಗೂ ಬರುತ್ತವೆ. ಕಚ್ಚುವುದಿಲ್ಲ, ಹಿಡಿಯಲು ಹೋದರೆ ಸರಿಯಾಗಿ ತಪ್ಪಿಸಿಕೊಳ್ಳುವುದೂ ಇಲ್ಲ. ಹಕ್ಕಿ, ಅಳಿಲು, ಸಾಕುನಾಯಿ ಎಲ್ಲವೂ ತಿಂದು ಸಾಕಾಗಿ ಬಿಟ್ಟ ಮೇಲೂ ಮೊಟ್ಟೆಯಿಡಲು ಬೇಕಾದಷ್ಟು ಉಳಿದಿರುತ್ತವೆ. ಅಸಲಿ ರಕ್ಷಣೆ ಇದೇ.

ಇವುಗಳಲ್ಲೇ ಕೆಲವು 13 ವರ್ಷಕ್ಕೊಮ್ಮೆ ಬರುತ್ತವೆ. 13, 17 ಅವಿಭಾಜ್ಯ ಸಂಖ್ಯೆಗಳು, ಚಿಕ್ಕ ಸಂಖ್ಯೆಗಳಿಂದ ಭಾಗವಾಗುವುದಿಲ್ಲ, ಅದಕ್ಕೇ ಕೆಲವೇ ವರ್ಷಕ್ಕೊಮ್ಮೆ ಹೆಚ್ಚುವ ಶತ್ರುಗಳ ಲೆಕ್ಕ ತಪ್ಪುತ್ತದೆ ಅನ್ನುವ ವಾದ ನೀವೂ ಕೇಳಿರಬಹುದು. ಕೇಳೋಕೆ ಚೆನ್ನಾಗಿದೆ, ನನಗಂತೂ ಪೂರ್ತಿ ನಂಬಿಕೆ ಇಲ್ಲ. ನಮ್ಮ ಮೇಘಾಲಯದ ರಿ-ಭೋಯ್ ಜಿಲ್ಲೆಯ ‘ನಿಯಾಂಗ್‌ತಾಸರ್’ ಜೀರುಂಡೆ ಬರುವುದು 4 ವರ್ಷಕ್ಕೊಮ್ಮೆ, ಅದೂ ಫುಟ್‌ಬಾಲ್ ವಿಶ್ವಕಪ್ ವರ್ಷಗಳಲ್ಲೇ. ಫಿಜಿಯದು 8 ವರ್ಷಕ್ಕೊಮ್ಮೆ. ಎರಡೂ ಅವಿಭಾಜ್ಯವಲ್ಲ, ಅಲ್ವಾ? ಜೊತೆಗೆ, ಅಮೆರಿಕದ ಜೀರುಂಡೆಗೆ ಒಂದು ಬೂಷ್ಟು ಅಂಟುತ್ತದೆ. ಅದರ ಬೀಜಕಣಗಳು ಅಷ್ಟೂ ವರ್ಷ ಮಣ್ಣಲ್ಲೇ ಕಾದಿರುತ್ತವೆ. ಅಂಟಿದರೆ ಹುಳುವಿನ ಹಿಂಭಾಗ ಉದುರಿ ಬಿಳಿ ಪುಡಿಯಷ್ಟೇ ಉಳಿಯುತ್ತದೆ. ಆದರೂ ಹುಳು ಹಾರಾಡುತ್ತಾ, ಜೋಡಿ ಹುಡುಕುತ್ತಾ ಬೂಷ್ಟನ್ನು ಹಂಚುತ್ತದೆ. ಆ ಶತ್ರುವಿನ ಲೆಕ್ಕವೇನೂ ತಪ್ಪಿಲ್ಲ.

ಇನ್ನು ರೆಕ್ಕೆ. ತುದಿಯ ಹತ್ತಿರ ನರಗಳು ಇಂಗ್ಲಿಷಿನ ‘ಡಬ್ಲ್ಯು’ ಆಕಾರದಲ್ಲಿರುವುದು ನಿಜ. ‘ವಾರ್’ ಅಂತ ಓದಿಕೊಂಡರು. ಯುದ್ಧ ಇರಲಿ ಬಿಡಲಿ, ಆ ಗುರುತು ಪ್ರತಿ ಸಲವೂ ಇರುತ್ತದೆ. ಸುಮ್ನೆ ಹೆದರಿಕೆ. ಒಂದು ಜಾತಿಯ ಕೂಗಂತೂ ‘ಫೇ...ರೋ’ ಅಂದ ಹಾಗೆ ಕೇಳುತ್ತದೆ. ಬೈಬಲ್ಲಿನ ಮಿಡತೆ ಪಿಡುಗಿನ ಕತೆ ಗೊತ್ತಿದ್ದ ವಲಸಿಗರಿಗೆ ಅದು ಈಜಿಪ್ಟಿನ ದೊರೆಯ ಹೆಸರಾಯಿತು. ಇವುಗಳನ್ನು ಮಿಡತೆ ಅಂತಲೇ ಕರೆದರು.

ನ್ಯೂಯಾರ್ಕ್ ರಾಜ್ಯದ ಒನೊಂಡಾಗ ಮೂಲನಿವಾಸಿಗಳು ಹೇಳುವುದೇ ಬೇರೆ. 1779ರಲ್ಲಿ ಜಾರ್ಜ್ ವಾಷಿಂಗ್ಟನ್ ಕಳಿಸಿದ ಸೈನ್ಯ ಅವರ ಬೆಳೆಗಳನ್ನು ನಾಶ ಮಾಡಿತು. ಆ ಹಸಿವಿನ ಕಾಲದಲ್ಲಿ ನೆಲದಿಂದ ಎದ್ದು ಬಂದ ಜೀರುಂಡೆಗಳೇ ಜೀವ ಉಳಿಸಿದವು ಅನ್ನುತ್ತಾರೆ. ಈಗಲೂ ಅವು ಬಂದ ವರ್ಷ ಹುರಿದು ತಿಂದು ಅದನ್ನು ನೆನೆಯುತ್ತಾರೆ. ಅಲ್ಲಿ ಹೋದ ಸಲ ಬಂದದ್ದು 2018ರಲ್ಲಿ, ಇನ್ನು 2035ಕ್ಕೆ.