ರೋಬೋಟಿನ ಮೋಟರ್ ಓಡಿದಾಗ ಸೆನ್ಸರ್ ಹ್ಯಾಂಗ್ ಆಗುತ್ತೆ, ಎಲೆಕ್ಟ್ರಾನಿಕ್ಸನ್ನೆಲ್ಲ ಮೇಲಿನ ಪ್ಲೇಟಿಗೆ ಎತ್ತಿಬಿಡಲಾ?

ಬೇಡ. ಮೇಲಕ್ಕೆ ಎತ್ತಿದರೆ ವೈರ್ ಇನ್ನೂ ಉದ್ದ ಆಗುತ್ತೆ, ಎಂಪಿಯು-6050 (ಚಲನೆ, ಓರೆ ಅಳೆಯುವ ಆ ಸೆನ್ಸರ್) ಇನ್ನೂ ಬೇಗ ಕೈಕೊಡುತ್ತೆ. ನಮ್ಮ ಕಾಲೇಜ್ ರೋಬೋಟೂ ಥೇಟ್ ಹೀಗೇ. ಚಕ್ರ ಗಾಳಿಯಲ್ಲಿದ್ದಾಗ ಗಂಟೆಗಟ್ಟಲೆ ಸರಿ ಇರೋದು. ನೆಲಕ್ಕಿಟ್ಟು ಸಡನ್ನಾಗಿ ರಿವರ್ಸ್ ಕೊಟ್ಟರೆ ಕೋಡ್ ನಿಂತುಹೋಗಿ, ಕೊನೇ ಪಿಡಬ್ಲ್ಯೂಎಂನಲ್ಲೇ (ಮೋಟರಿನ ವೇಗ ಹೇಳುವ ಸಿಗ್ನಲ್) ಓಡಿ ಗೋಡೆಗೆ ಗುದ್ದೋದು.

ತಪ್ಪು ಒಂದು ಕಪ್ಪು (ಗ್ರೌಂಡ್) ವೈರಿನದು. ಬ್ಯಾಟರಿ ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್‌ನಿಂದ, ಕೋಡ್ ಓಡಿಸುವ ಬೋರ್ಡಾದ ಆರ್ಡುಯಿನೋಗೆ 5 ವೋಲ್ಟ್‌ನ ಕೆಂಪು ವೈರ್ ಮಾತ್ರ ಎಳೆದು, ಗ್ರೌಂಡನ್ನು ಪಕ್ಕದಲ್ಲೇ ಇದ್ದ, ಮೋಟರಿಗೆ ಕರೆಂಟ್ ಕೊಡುವ ಬೋರ್ಡಾದ ಮೋಟರ್ ಡ್ರೈವರ್‌ನ ಸ್ಕ್ರೂಗೆ ಸಿಕ್ಕಿಸಿದ್ದೆ. ಸೆನ್ಸರ್‌ನ ಗ್ರೌಂಡ್ ಮಾತ್ರ ಬಕ್‌ನಿಂದಲೇ. ಡ್ರೈವರ್‌ನಿಂದ ಬ್ಯಾಟರಿಗೆ 40 ಸೆಂಟಿಮೀಟರ್ 22 ಗೇಜ್ ವೈರ್, ಅಂದರೆ ಸುಮಾರು 0.02 ಓಮ್. ನಾಲ್ಕು ಮೋಟರ್ ಸ್ಟಾಲ್ ಆದರೆ (ತಿರುಗಲಾರದೆ ನಿಂತರೆ) 20 ಆಂಪಿಯರ್, ಅಲ್ಲಿಗೆ 0.4 ವೋಲ್ಟ್. ಓಡುತ್ತಿರುವಾಗಲೇ ರಿವರ್ಸ್ ಕೊಟ್ಟರೆ ಬ್ಯಾಕ್ ಇಎಂಎಫ್ (ತಿರುಗುವ ಮೋಟರೇ ಹುಟ್ಟಿಸುವ ವೋಲ್ಟೇಜ್) ಕೂಡ ಬ್ಯಾಟರಿ ಜೊತೆ ಸೇರಿಕೊಂಡು ಕರೆಂಟ್ ಹೆಚ್ಚುಕಡಿಮೆ ಎರಡು ಪಟ್ಟು: 0.8 ವೋಲ್ಟ್. ಆರ್ಡುಯಿನೋದ 'ಸೊನ್ನೆ' ಅಷ್ಟು ಮೇಲೆದ್ದು ಕೂತರೆ, 1 ವೋಲ್ಟ್‌ವರೆಗೆ ಮಾತ್ರ ಲೋ ಅಂತ ಓದುವ 3.3 ವೋಲ್ಟ್ ಸೆನ್ಸರ್‌ಗೆ ಇವೆರಡೂ ಮಾತಾಡುವ ಐ2ಸಿ ಲೈನಿನ ಕ್ಲಾಕ್ ಎಲ್ಲಿ ಅರ್ಥವಾಗಬೇಕು?

ಮೊದಲು ಅಳೆಯಿರಿ. ಮಲ್ಟಿಮೀಟರ್ ಮಿಲಿವೋಲ್ಟ್‌ನಲ್ಲಿ, ಒಂದು ಕಡ್ಡಿ ಆರ್ಡುಯಿನೋ ಗ್ರೌಂಡ್‌ಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ. ರೋಬೋಟನ್ನು ಗೋಡೆಗೊತ್ತಿ ಒಂದೇ ಸೆಕೆಂಡ್ ಫುಲ್ ಕೊಡಿ, ಜಾಸ್ತಿ ಹೊತ್ತು ಹಿಡಿದರೆ ಮೋಟರ್ ಸುಡುತ್ತೆ. 100 ಮಿಲಿವೋಲ್ಟ್ ದಾಟಿದರೆ ವೈರಿಂಗ್ ಕಿತ್ತುಹಾಕಿ.

ಮನೆಯ ಡಿಬಿ ಬಾಕ್ಸ್‌ಗೆ ಹಾಕುವ ಹಿತ್ತಾಳೆಯ ನ್ಯೂಟ್ರಲ್ ಲಿಂಕ್ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತೆ. ಬ್ಯಾಟರಿ ನೆಗೆಟಿವ್ ಪಕ್ಕದಲ್ಲೇ ಅದನ್ನು ಕೂರಿಸಿ. ಡ್ರೈವರ್‌ಗೊಂದು, ಬಕ್‌ಗೊಂದು ಬೇರೆ ಬೇರೆ ಕಪ್ಪು ವೈರ್ ಅಲ್ಲಿಂದಲೇ ಹೊರಡಲಿ. ಆರ್ಡುಯಿನೋ, ಸೆನ್ಸರ್ ಎರಡರ ಗ್ರೌಂಡೂ ಬಕ್‌ನಿಂದ. ಡ್ರೈವರ್‌ಗೆ 14 ಗೇಜ್ ಸಿಲಿಕೋನ್ ವೈರ್, ಬೆಂಗಳೂರಿನ ಎಸ್.ಪಿ. ರೋಡಲ್ಲಿ ಮೀಟರ್ ಲೆಕ್ಕದಲ್ಲಿ ಕೊಡ್ತಾರೆ. ಡ್ರೈವರ್‌ನ ಸಿಗ್ನಲ್ ಗ್ರೌಂಡ್ ಪಿಡಬ್ಲ್ಯೂಎಂ ವೈರ್ ಜೊತೆಗೇ ಹೆಣೆದುಕೊಂಡು ಬರಲಿ. ಮೋಟರ್ ಟರ್ಮಿನಲ್‌ಗಳ ನಡುವೆ 104 (ಅಂದರೆ 0.1 ಮೈಕ್ರೋಫ್ಯಾರಡ್) ಸೆರಾಮಿಕ್ ಕೆಪಾಸಿಟರ್ ಒಂದೊಂದು ಬೆಸುಗೆ ಹಾಕಿ.

ಬೋರ್ಡ್ ಎಲ್ಲಿ ಕೂರಬೇಕು ಅನ್ನೋದು ಇಷ್ಟೆಲ್ಲ ಆದಮೇಲೆ. ಸೆನ್ಸರ್ ಆರ್ಡುಯಿನೋದಿಂದ 15-20 ಸೆಂಟಿಮೀಟರ್ ಒಳಗೆ, ಅದರ ವೈರ್ ಮೋಟರ್ ವೈರನ್ನು ಅಡ್ಡ ದಾಟಲಿ, ಜೊತೆಗೆ ಉದ್ದಕ್ಕೂ ಓಡೋದು ಬೇಡ. ಕೋಡ್‌ನಲ್ಲಿ ಐ2ಸಿ ನಡೆಸುವ ವೈರ್ (Wire) ಲೈಬ್ರರಿಯ ಟೈಮ್‌ಔಟ್ ಆನ್ ಮಾಡಿ, ಐ2ಸಿ ಸಿಕ್ಕಿಕೊಂಡರೂ ಕೋಡ್ ಅಲ್ಲೇ ನಿಲ್ಲಲ್ಲ. ತಾನಾಗೇ ಆನ್ ಇರಲ್ಲ.